ಮುತ್ಯಾನ ಹುಟ್ಟುಹಬ್ಬಕ್ಕೆ ಅನಾನಸ್ ಅಪ್‌ಸೈಡ್ ಡೌನ್ ಕೇಕ್: ತತ್ತಿ ಇಲ್ಲದೆ ಹೇಗೆ, ಯಾವ ಎಲೆ ಹಾಕಲಿ?

ಕಲಬುರಗಿ_ಮೊಮ್ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜೂನ್ 1ಕ್ಕೆ ನಮ್ಮ ಮುತ್ಯಾನಿಗೆ 80 ತುಂಬುತ್ತದೆ. (ಹೌದು, ಜೂನ್ 1. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡ ತಾರೀಖು. ಹುಟ್ಟಿದ್ದು ಸುಗ್ಗಿಯ ಟೈಮಿನಲ್ಲಿ ಎಂದು ಅವರೇ ಹೇಳುತ್ತಾರೆ. ಆದರೆ ಆಧಾರ್‌ನಲ್ಲಿ ಇರುವುದೇ ಈಗ ಖರೆ.) ಆಳಂದ ಹತ್ತಿರದ ನಮ್ಮ ಊರಲ್ಲಿ ಮನೆಮಂದಿ ಎಲ್ಲ ಸೇರುತ್ತೇವೆ. ಕಾಕಾ, ಕಾಕು, ಅತ್ತಿ, ಮಾಮಾ, ಹುಡುಗರು ಎಲ್ಲ ಹಿಡಿದರೆ 30 ಜನ. ಶೇಂಗಾ ಹೋಳಿಗೆ, ಎಣ್ಣೆಗಾಯಿ, ರೊಟ್ಟಿ ಎಲ್ಲ ಅವ್ವ ಮತ್ತು ಕಾಕುಗಳ ಪಾಲು. ಕೇಕ್ ನನ್ನ ಪಾಲು.

ಬೇಕರಿಯ ಕ್ರೀಮ್ ಕೇಕ್ ಬೇಡವೇ ಬೇಡ. ಈ ಬಿಸಿಲಲ್ಲಿ ಆಳಂದ ಮುಟ್ಟುವುದರೊಳಗೆ ಅದು ಡಬ್ಬಿಯಲ್ಲೇ ಕರಗಿ ಕೂತಿರುತ್ತದೆ. ಸೊಲ್ಲಾಪುರದಲ್ಲಿ ನಮ್ಮ ಕಾಕಾನ ಮಗಳ ಮನೆಯಲ್ಲಿ ಅನಾನಸ್ ಅಪ್‌ಸೈಡ್ ಡೌನ್ ಕೇಕ್ ತಿಂದಿದ್ದೆ. ಟಿನ್ನಿನ ತಳಕ್ಕೆ ಬೆಣ್ಣೆ ಸಕ್ಕರೆಯ ಪಾಕ, ಅದರ ಮೇಲೆ ಹಣ್ಣು, ಅದರ ಮೇಲೆ ಹಿಟ್ಟು. ಬೆಂದ ಮೇಲೆ ಬೋರಲು ಹಾಕಿದರೆ ಹಣ್ಣು ಮೇಲೆ ಬರುತ್ತದೆ, ಮತ್ತೆ ಯಾವ ಅಲಂಕಾರವೂ ಬೇಡ. ಅವಳು ಅದಕ್ಕೆ ರೋಸ್‌ಮರಿ ಎಂಬ ಎಲೆ ಹಾಕಿದ್ದಳು. ಪುಣೆಯಿಂದ ತಂದಿದ್ದಂತೆ. ಆ ಘಮ ಇನ್ನೂ ನೆನಪಿದೆ. ಇಲ್ಲಿ ಸೂಪರ್ ಮಾರ್ಕೆಟ್ ಏರಿಯಾದಲ್ಲಿ ಕೇಳಿದೆ, ಪಿಜ್ಜಾಗೆ ಹಾಕುವ ಪುಡಿ ತೋರಿಸಿದರು.

ನನ್ನ ಪ್ರಶ್ನೆ ಇಷ್ಟು. ಮನೆಯಲ್ಲಿ ತತ್ತಿ ನಡೆಯುವುದಿಲ್ಲ, ಮೊಸರಲ್ಲಿ ಮಾಡಿದರೆ ಹಣ್ಣಿನ ಭಾರ ತಡೆಯುತ್ತದಾ? ರೋಸ್‌ಮರಿ ಬದಲು ನಮ್ಮ ಕಡೆ ಸಿಗುವ ಯಾವ ಎಲೆ ಹೊಂದುತ್ತದೆ? ತುಳಸಿ ಹಾಕೋಣ ಅಂದರೆ ಅವ್ವ ಕಣ್ಣು ಬಿಟ್ಟಳು. ನನ್ನ ಹತ್ತಿರ ಇರುವ ಓಟಿಜಿ (ಕರೆಂಟಿನ ಓವನ್) ಸಣ್ಣದು, 8 ಇಂಚಿನ ಟಿನ್ ಅಷ್ಟೇ ಹಿಡಿಯುತ್ತದೆ. 30 ಜನರಿಗೆ ಹೇಗೆ ಹೊಂದಿಸಲಿ? ಮುತ್ಯಾನಿಗೆ ಶುಗರ್ ಇದೆ, ಅದಕ್ಕೆ ಸಕ್ಕರೆ ಬಿಟ್ಟು ಬೆಲ್ಲ ಹಾಕುವ ವಿಚಾರವೂ ಇದೆ. ಗೊತ್ತಿದ್ದವರು ಹೇಳಿ.

ಬೀದರ್_ಅಡುಗೆಮನಿ:

ತಂಗಿ, ಮೊದಲು ಮುತ್ಯಾನಿಗೆ ನನ್ನ ಶರಣು ತಿಳಿಸು.

ಮೊಸರಿನ ಕೇಕ್ ಹಣ್ಣು ಹೊರುತ್ತದೆ, ಚಿಂತೆ ಬೇಡ. ಬೇಯುವಾಗ ಹಣ್ಣು ಕೆಳಗೆ ಇರುತ್ತದೆ, ಹಿಟ್ಟು ಅದರ ಮೇಲೆ ಕೂತು ಉಬ್ಬುತ್ತದೆ. ತೊಂದರೆ ಬರುವುದು ಭಾರದಿಂದ ಅಲ್ಲ, ನೀರಿನಿಂದ. ಹಸಿ ಅನಾನಸ್ ನೀರು ಬಿಡುತ್ತದೆ. ಆ ನೀರು ಹಿಟ್ಟಿಗೆ ಇಳಿದರೆ ಹಣ್ಣಿಗೆ ಅಂಟಿದ ಭಾಗ ಬೇಯದೆ ಹಸಿಹಸಿ ಉಳಿಯುತ್ತದೆ. ಆದ್ದರಿಂದ ಬಿಲ್ಲೆಗಳನ್ನು ಬೆರಳಿನ ದಪ್ಪಕ್ಕಿಂತ ತೆಳ್ಳಗೆ ಕೊಯ್ದು, ನಡುವಿನ ಗಟ್ಟಿ ದಿಂಡು ತೆಗೆದು, ಅಗಲ ತವೆಯ ಮೇಲೆ ಎರಡು ಚಮಚ ಸಕ್ಕರೆ ಉದುರಿಸಿ ಎರಡೂ ಮಗ್ಗುಲು ಬೇಯಿಸು. ಮೊದಲು ನೀರು ಬಿಟ್ಟು ಕೊತಕೊತ ಅನ್ನುತ್ತದೆ. ಆಮೇಲೆ ಆ ನೀರು ಇಂಗಿ ಹಣ್ಣಿನ ಅಂಚು ಕೆಂಪಾಗುತ್ತದೆ, ತವೆಗೆ ಸ್ವಲ್ಪ ಅಂಟುತ್ತದೆ. ಆಗ ಇಳಿಸು. ಪೂರ್ತಿ ಆರಿದ ಮೇಲೇ ಟಿನ್ನಿಗೆ ಜೋಡಿಸು.

8 ಇಂಚಿನ ಟಿನ್ನಿಗೆ ನನ್ನ ಅಳತೆ ಹೇಳುತ್ತೇನೆ. ಮೈದಾ ಒಂದೂವರೆ ಕಪ್, ಗಟ್ಟಿ ಮೊಸರು ಒಂದು ಕಪ್, ಪುಡಿ ಸಕ್ಕರೆ ಮುಕ್ಕಾಲು ಕಪ್, ಎಣ್ಣೆ ಅರ್ಧ ಕಪ್, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು. ಮೊಸರು ಸಕ್ಕರೆ ಚೆನ್ನಾಗಿ ಕಡೆದು, ಪೌಡರ್ ಮತ್ತು ಸೋಡಾ ಹಾಕಿ ಐದು ನಿಮಿಷ ಬಿಡು. ನೊರೆ ಎದ್ದು ಬರುತ್ತದೆ. ಆಮೇಲೆ ಎಣ್ಣೆ, ಕೊನೆಗೆ ಜರಡಿ ಹಿಡಿದ ಮೈದಾ. ಮೈದಾ ಬಿದ್ದ ಮೇಲೆ ಜಾಸ್ತಿ ತಿರುವಬೇಡ, ರಬ್ಬರ್ ಆಗುತ್ತದೆ. ಅಂದಿನ ಮೊಸರೇ ಬೇಕು. ಈಗಿನ ಬಿಸಿಲಲ್ಲಿ ಬೆಳಗ್ಗೆ ಹೆಪ್ಪು ಬಿದ್ದದ್ದು ಸಂಜೆಗೆ ಹುಳಿ ಹಿಡಿದಿರುತ್ತದೆ, ಕೇಕಿನಲ್ಲಿ ಆ ಹುಳಿ ಗೊತ್ತಾಗುತ್ತದೆ.

ತಳದ ಪಾಕಕ್ಕೆ ಬೆಣ್ಣೆ 50 ಗ್ರಾಂ, ಕಂದು ಸಕ್ಕರೆ ಅಥವಾ ತುರಿದ ಬೆಲ್ಲ 80 ಗ್ರಾಂ. ಓಟಿಜಿ 180 ಡಿಗ್ರಿ. ಹಣ್ಣಿಲ್ಲದ ಕೇಕ್ 35 ನಿಮಿಷಕ್ಕೆ ಆಗುತ್ತದೆ, ಹಣ್ಣು ಇದ್ದರೆ 45 ಹಿಡಿ. ಕಡ್ಡಿ ಚುಚ್ಚಿ ನೋಡುವಾಗ ಪೂರ್ತಿ ತಳದ ತನಕ ಇಳಿಸಬೇಡ. ಹಣ್ಣಿಗೆ ತಾಗಿದರೆ ಕಡ್ಡಿ ಯಾವಾಗಲೂ ಒದ್ದೆಯಾಗೇ ಬರುತ್ತದೆ.

ಎಲೆಯ ವಿಷಯ ದೊಡ್ಡದಿದೆ. ಬೇರೆಯವರೂ ಹೇಳಲಿ, ಆಮೇಲೆ ಬರುತ್ತೇನೆ.

ಬಿಸಿಲೂರು_ಯಾದಗಿರಿ:

ಅನಾನಸ್ ಯಾಕೆ ಅಂತ? ಅದು ನಮ್ಮ ಕಡೆ ಬೆಳೆಯುವುದೇ ಇಲ್ಲ, ಬನವಾಸಿ ಕಡೆಯಿಂದಲೋ ಕೇರಳದಿಂದಲೋ ಬರಬೇಕು. ಜೂನ್ 1 ಅಂದರೆ ಮಾವಿನ ಹಣ್ಣು ಇನ್ನೂ ಇರುತ್ತದೆ. ಬೇನಿಶಾನ್ ತಗೊಳ್ಳಿ, ನಾರಿಲ್ಲ, ಗಟ್ಟಿ ಇದೆ, ಹೋಳು ಚಂದ ಬರುತ್ತದೆ. ಮುತ್ಯಾನ ವಯಸ್ಸಿಗೆ ಅಗಿಯಲೂ ಹಗುರ. ಅನಾನಸ್ ದಿಂಡು ಹಲ್ಲಿಗೆ ಸಿಕ್ಕರೆ ಅಷ್ಟೇ.

ತುಳಸಿಗೆ ಅವ್ವ ಬೇಡ ಅಂದರೆ ಬಿಡಿ. ಸುಮ್ನೆ ಪುದೀನಾ ಹಾಕಿ, ಎಲ್ಲ ಕಡೆ ಸಿಗುತ್ತದೆ. ಬೆಲ್ಲದ ವಿಚಾರ ಒಳ್ಳೆಯದು. ಬೆಲ್ಲ ಹಾಕಿದರೆ ಶುಗರ್ ಇದ್ದವರೂ ಆರಾಮ ತಿನ್ನಬಹುದು.

ಲ್ಯಾಬ್_ಕಾಕಾ:

ಯಾದಗಿರಿ ಅಣ್ಣಾ, ಕೊನೆಯ ಮಾತು ವಾಪಸ್ ತಗೊಳ್ಳಿ. ಬೆಲ್ಲವೂ ಕಬ್ಬಿನದೇ, ಅದರಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ. ಸ್ವಲ್ಪ ಕಬ್ಬಿಣ, ಸ್ವಲ್ಪ ಖನಿಜ ಇದೆ ನಿಜ, ಆದರೆ ರಕ್ತದಲ್ಲಿ ಶುಗರ್ ಏರಿಸುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವ ಫರಕ್ ಇಲ್ಲ. "ಬೆಲ್ಲದ್ದು, ಏನೂ ಆಗಲ್ಲ" ಅಂತ ಮನೆಯವರು ತಟ್ಟೆ ತುಂಬಾ ಹಾಕಿ, ಮರುದಿನ ಹಿರಿಯರು ನಮ್ಮ ಲ್ಯಾಬಿಗೆ ಬರುತ್ತಾರೆ. ಮೈದಾನೂ ಕಡಿಮೆ ಇಲ್ಲ ಅದರಲ್ಲಿ. ತಂಗಿ, ಬೆಲ್ಲ ಹಾಕುವುದಿದ್ದರೆ ರುಚಿಗೆ ಹಾಕು. ಮುತ್ಯಾನಿಗೆ ಒಂದು ಸಣ್ಣ ತುಂಡು, ಊಟ ಆದ ಮೇಲೆ, ಹೋಳಿಗೆ ಎಷ್ಟು ತಿಂದರು ಅನ್ನುವುದನ್ನು ನೋಡಿಕೊಂಡು. ಗುಳಿಗೆ ಟೈಮ್ ತಪ್ಪಿಸಬೇಡಿ. ಹುಟ್ಟುಹಬ್ಬದ ದಿನ ಒಂದು ತುಂಡೂ ಬೇಡ ಅನ್ನುವುದು ನನಗೂ ಮನಸ್ಸಿಲ್ಲ.

ಅನಾನಸ್ ಬೇಯಿಸಬೇಕು ಅಂತ ಬೀದರ್ ಅಕ್ಕ ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಎಂಜೈಮ್ ಇರುತ್ತದೆ. ಪ್ರೊಟೀನ್ ತುಂಡರಿಸುವುದೇ ಅದರ ಕೆಲಸ. ಜಾಸ್ತಿ ತಿಂದರೆ ನಾಲಿಗೆ ಚುರುಚುರು ಅನ್ನುತ್ತದಲ್ವಾ, ಅದರಲ್ಲಿ ಇದರ ಪಾಲೂ ಇದೆ. ಹಾಲು ಮೊಸರಿನ ಜೊತೆ ಹಸಿಯಾಗಿ ಇಟ್ಟರೆ ಹೊತ್ತು ಹೋದಂತೆ ಕಹಿ ಬರುತ್ತದೆ. ಬಿಸಿ 70-80 ಡಿಗ್ರಿ ದಾಟಿದರೆ ಆ ಎಂಜೈಮ್ ಕೆಲಸ ನಿಲ್ಲಿಸುತ್ತದೆ. ತವೆಯ ಮೇಲೆ ಬೇಯಿಸಿದರೆ ನೀರೂ ಹೋಯಿತು, ಕಹಿಯ ಭಯವೂ ಹೋಯಿತು. ಡಬ್ಬಿಯ ಅನಾನಸ್ ಮೊದಲೇ ಬಿಸಿ ಕಂಡಿರುತ್ತದೆ, ಅದಕ್ಕೆ ಈ ತೊಂದರೆ ಇಲ್ಲ. ಆದರೆ ಅದರ ಸಿಹಿ ನೀರು ಪೂರ್ತಿ ಬಸಿದು, ಬಟ್ಟೆಯಲ್ಲಿ ಒತ್ತಿ ಹಾಕಬೇಕು.

ಮಾವಿನ ಹಣ್ಣಿನಲ್ಲಿ ಬ್ರೊಮೆಲೈನ್ ಇಲ್ಲ. ಯಾದಗಿರಿ ಅಣ್ಣನಿಗೆ ಅಷ್ಟು ಮಾರ್ಕ್ಸ್ ಕೊಡುತ್ತೇನೆ.

ಬಿಸಿಲೂರು_ಯಾದಗಿರಿ:

ಬೆಲ್ಲದ ಮಾತು ವಾಪಸ್. ಮಾವಿನ ಮಾತು ವಾಪಸ್ ಇಲ್ಲ.

ಬೀದರ್_ಅಡುಗೆಮನಿ:

ಮಾವಿಗೆ ನನ್ನ ತಕರಾರು ಒಂದೇ. ಪೂರ್ತಿ ಹಣ್ಣಾದ ಮಾವು ಓವನ್‌ನಲ್ಲಿ ಕರಗಿ ಜಾಮ್ ಆಗುತ್ತದೆ. ಬೋರಲು ಹಾಕಿದಾಗ ಹೋಳು ಕಾಣುವುದಿಲ್ಲ, ಬರೀ ಹಳದಿ ಪದರ ಕಾಣುತ್ತದೆ. ಒತ್ತಿದರೆ ಸ್ವಲ್ಪವೇ ತಗ್ಗುವಂಥ ಹಣ್ಣು ಸಿಕ್ಕರೆ ಮಾಡಬಹುದು. ಅನಾನಸ್‌ಗೆ ಹುಳಿ ಇದೆ, ಬೆಲ್ಲದ ಪಾಕಕ್ಕೆ ಆ ಹುಳಿ ಬೇಕು. ಮಾವು ಹಾಕಿದರೆ ಪಾಕಕ್ಕೆ ಒಂದು ಚಮಚ ಲಿಂಬೆರಸ ಹಿಂಡು. ನಮ್ಮಲ್ಲಿ ಚಳಿಗಾಲದಲ್ಲಿ ಪೇರಲ ಹಾಕಿ ಮಾಡುತ್ತೇವೆ, ಎಲ್ಲಕ್ಕಿಂತ ಅದೇ ರುಚಿ ಅಂತ ನನ್ನ ಅಭಿಪ್ರಾಯ. ಆದರೆ ಜೂನ್‌ನಲ್ಲಿ ಒಳ್ಳೆ ಪೇರಲ ಎಲ್ಲಿಂದ ತರುತ್ತೀ?

ಈಗ ಎಲೆ. ಎಲೆಯಲ್ಲಿ ಎರಡು ಜಾತಿ ಅಂತ ತಿಳಿದುಕೋ. ರೋಸ್‌ಮರಿ, ಥೈಮ್ ಥರದ್ದು ಗಡಸು, ಓವನ್ ಬಿಸಿ ತಡೆಯುತ್ತದೆ, ಹಣ್ಣಿನ ಕೆಳಗೆ ಹಾಗೇ ಇಟ್ಟು ಬೇಯಿಸಬಹುದು. ಪುದೀನಾ, ತುಳಸಿ, ಕಾಮಕಸ್ತೂರಿ ಮೆತ್ತಗಿನವು. ಇವನ್ನು ಟಿನ್ನಿನ ತಳಕ್ಕೆ ಇಟ್ಟು 45 ನಿಮಿಷ ಬೇಯಿಸಿದರೆ ಎಲೆ ಕಪ್ಪಾಗುತ್ತದೆ, ಘಮ ಹಾರಿಹೋಗಿರುತ್ತದೆ, ಉಳಿಯುವುದು ಒಣ ಹುಲ್ಲಿನ ರುಚಿ. ಎಲೆ ಹಾಕಿದ ಕೇಕ್ ಚೆನ್ನಾಗಿರಲ್ಲ ಅಂತ ಜನ ಹೇಳುವುದು ಬಹಳ ಸಲ ಇದಕ್ಕೇ.

ಎಲೆಯ ಘಮ ಅದರ ಎಣ್ಣೆಯಲ್ಲಿ ಇರುತ್ತದೆ. ಆ ಎಣ್ಣೆ ನೀರಿಗೆ ಬೆರೆಯುವುದಿಲ್ಲ, ನಮ್ಮ ಅಡುಗೆ ಎಣ್ಣೆಗೆ, ಬೆಣ್ಣೆಗೆ ಬೆರೆಯುತ್ತದೆ. ಅದಕ್ಕೆ ಕೇಕಿಗೆ ಹಾಕುವ ಅರ್ಧ ಕಪ್ ಎಣ್ಣೆಯನ್ನೇ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡು. ಎಲೆಯನ್ನು ತೊಳೆದು, ಬಟ್ಟೆಯಲ್ಲಿ ಒಣಗಿಸಿ (ಹನಿ ನೀರಿದ್ದರೂ ಸಿಡಿಯುತ್ತದೆ), ಅಂಗೈಯಲ್ಲಿ ಹಿಸುಕಿ ಎಣ್ಣೆಗೆ ಹಾಕು. ಎಲೆ ಬಾಡುತ್ತಿದ್ದ ಹಾಗೆ ಗ್ಯಾಸ್ ಆರಿಸು. ಕರಿಯಬಾರದು. ಮುಚ್ಚಿ ಅರ್ಧ ತಾಸು ಬಿಟ್ಟು, ಸೋಸಿ, ಆರಿದ ಮೇಲೆ ಹಿಟ್ಟಿಗೆ. ಎಣ್ಣೆ ವಾಸನೆ ಇಲ್ಲದ್ದಿರಲಿ. ಗಾಣದ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ರೊಟ್ಟಿ ಊಟಕ್ಕೆ ಚಂದ, ಇಲ್ಲಿ ಎಲೆಯನ್ನು ನುಂಗಿಹಾಕುತ್ತವೆ. ಸೂರ್ಯಕಾಂತಿ ಸಾಕು. ಅಂದೇ ಮಾಡಿದ್ದು ಅಂದೇ ಬಳಸು.

ಇನ್ನೊಂದು ದಾರಿ, ಎಲೆಯನ್ನು ಸಕ್ಕರೆ ಜೊತೆ ಮಿಕ್ಸಿಗೆ ಹಾಕುವುದು. ಸಕ್ಕರೆ ಹಸಿರಾಗಿ ಬಹಳ ಚಂದ ಕಾಣುತ್ತದೆ. ಆದರೆ ಮೊಸರಿನ ಹುಳಿಗೆ ಬೆಂದ ಮೇಲೆ ಆ ಹಸಿರು ಮಾಸಿ ಒಂಥರಾ ಕಂದು ಆಗುತ್ತದೆ. ಫೋಟೋ ಚಂದ ಬರಲ್ಲ, ರುಚಿಗೆ ಏನೂ ಮೋಸ ಇಲ್ಲ.

ಆ ಪಿಜ್ಜಾ ಪುಡಿ ಮಾತ್ರ ಬೇಡ. ಪಾಕೀಟು ತಿರುಗಿಸಿ ಓದು, ಬಹಳಷ್ಟರಲ್ಲಿ ಉಪ್ಪು, ಬಳ್ಳೊಳ್ಳಿ ಇರುತ್ತದೆ.

ಕಲಬುರಗಿ_ಮೊಮ್ಮಗಳು:

ಅಕ್ಕಾ, ಎಷ್ಟು ಬಿಡಿಸಿ ಹೇಳಿದ್ದೀರಿ! ಲ್ಯಾಬ್ ಕಾಕಾ, ನೀವು ಹೇಳಿದ್ದನ್ನು ಅವ್ವನಿಗೆ ಓದಿ ಹೇಳಿದೆ. ಬೆಲ್ಲದ ವಾದ ನಮ್ಮ ಮನೆಯಲ್ಲೂ ನಡೆಯುತ್ತಿತ್ತು.

ಹಿತ್ತಲಲ್ಲಿ ಪುದೀನಾ ಇದೆ, ಅಜವಾನ ಎಲೆ ಅಂತೀವಲ್ಲ, ದೊಡ್ಡಪತ್ರೆ, ಅದೂ ಕುಂಡದ ತುಂಬಾ ಇದೆ. ಎರಡರಲ್ಲಿ ಯಾವುದು? ಅಜವಾನ ಎಲೆ ಅಂದರೆ ನನಗೆ ಭಜಿ ನೆನಪಾಗುತ್ತದೆ, ಕೇಕಿಗೆ ಹಾಕಿದರೆ ನಗುತ್ತಾರೇನೋ. ಮತ್ತೆ ಕಾಮಕಸ್ತೂರಿ ಅಂದಿರಲ್ಲ, ಅದು ಎಲ್ಲಿ ಸಿಗುತ್ತದೆ?

ಲ್ಯಾಬ್_ಕಾಕಾ:

ನಗುವವರಿಗೆ ತುಂಡು ಕಮ್ಮಿ ಹಾಕು. ಪರದೇಶದ ಅಡುಗೆ ಪುಸ್ತಕದಲ್ಲಿ ಬರುವ ಥೈಮ್ ಎಲೆಗೆ ಆ ವಾಸನೆ ಬರುವುದು ಥೈಮಾಲ್ ಎಂಬ ಅಂಶದಿಂದ. ನಮ್ಮ ಅಜವಾನದ ವಾಸನೆಗೂ ಅದೇ ಕಾರಣ. ದೊಡ್ಡಪತ್ರೆಯಲ್ಲಿ ಅದೂ, ಅದರ ಅಣ್ಣತಮ್ಮ ಕಾರ್ವಕ್ರಾಲ್‌ ಕೂಡ ಇರುತ್ತದೆ. ಥೈಮ್ ಹಾಕಬೇಕು ಅಂತ ಎಲ್ಲಿ ಓದಿದರೂ ಅಲ್ಲಿ ದೊಡ್ಡಪತ್ರೆ ನಡೆಯುತ್ತದೆ. ಖಾರ ಜಾಸ್ತಿ, ಅದಕ್ಕೆ ಕೈ ಬಿಗಿ ಹಿಡಿಯಬೇಕು. ಒಂದು ಟಿನ್ನಿಗೆ ನಡುಗಾತ್ರದ ಮೂರು ಎಲೆ, ಅದಕ್ಕಿಂತ ಜಾಸ್ತಿ ಬೇಡ.

ತುಳಸಿಯಲ್ಲಿ ಯೂಜಿನಾಲ್ ಇರುತ್ತದೆ, ಲವಂಗದಲ್ಲಿ ಇರುವುದೂ ಅದೇ. ಮನೆಯಲ್ಲಿ ತುಳಸಿ ಬೇಡ ಅಂದರೆ ಅನಾನಸ್ ಬೇಯಿಸುವಾಗ ಎರಡು ಲವಂಗ ಹಾಕಿ ಆಮೇಲೆ ತೆಗೆದುಬಿಡು. ಅವ್ವನ ಮಾತೂ ನಡೆಯಿತು, ಘಮವೂ ಸಿಕ್ಕಿತು.

ಬೀದರ್_ಅಡುಗೆಮನಿ:

ಕಾಮಕಸ್ತೂರಿ ಬೇರೆ ಏನಲ್ಲ, ಫಾಲೂದಾಕ್ಕೆ ನೆನೆಹಾಕುವ ಸಬ್ಜಾ ಬೀಜದ ಗಿಡ. ಕಿರಾಣಿ ಅಂಗಡಿಯ ಸಬ್ಜಾ ಬೀಜವನ್ನು ಕುಂಡದ ಮಣ್ಣಿನ ಮೇಲೆ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ, ಬಿಸಿಲು ನೇರ ಬೀಳದ ಕಡೆ ಇಟ್ಟು ನೀರು ಚಿಮುಕಿಸಿದರೆ ಬರುತ್ತದೆ. ಆದರೆ ಎಲೆ ಕೀಳುವಷ್ಟು ಬೆಳೆಯಲು ಒಂದು ತಿಂಗಳ ಮೇಲೆಯೇ ಬೇಕು, ನಿನ್ನ ಜೂನ್ 1ಕ್ಕೆ ಆಗುವುದಿಲ್ಲ. ಶ್ರಾವಣಕ್ಕೆ ಆಗುತ್ತದೆ, ಈಗಲೇ ಹಾಕಿಡು.

ಪುದೀನಾ ಬಗ್ಗೆ ಯಾದಗಿರಿ ತಮ್ಮನಿಗೆ ಬೇಜಾರಾಗದಿರಲಿ. ತಣ್ಣಗಿನ ಪಾನಕಕ್ಕೆ ಪುದೀನಾ ಚಂದ. ಬೆಚ್ಚಗಿನ ಕೇಕಿನೊಳಗೆ ಟೂತ್‌ಪೇಸ್ಟ್ ತಿಂದ ಹಾಗೆ ಆಗುತ್ತದೆ. ಹಿಟ್ಟಿಗೆ ದೊಡ್ಡಪತ್ರೆ ಹಾಕು, ಪುದೀನಾವನ್ನು ಕೇಕ್ ಆರಿದ ಮೇಲೆ, ಕೊಯ್ಯುವ ಸ್ವಲ್ಪ ಮುಂಚೆ, ಅನಾನಸ್ ಬಿಲ್ಲೆಯ ನಡುವಿನ ತೂತಿನಲ್ಲಿ ಒಂದೊಂದು ಸಣ್ಣ ಕುಡಿ ಸಿಗಿಸು. ಅಲ್ಲಿ ಬೇಕರಿಯವರು ಕೆಂಪು ಚೆರಿ ಇಡುತ್ತಾರಲ್ಲ, ಅದು ಬಹಳ ಕಡೆ ಚೆರಿಯೇ ಅಲ್ಲ. ಕವಳಿಕಾಯಿಗೆ ಬಣ್ಣ ಸಕ್ಕರೆ ಕುಡಿಸಿದ್ದು. ಪುದೀನಾ ಅದಕ್ಕಿಂತ ಚಂದ ಕಾಣುತ್ತದೆ.

ದೊಡ್ಡಪತ್ರೆಯನ್ನು ಇಡಿಯಾಗಿ ಹಣ್ಣಿನ ಕೆಳಗೆ ಇಡಬೇಡ. ಅದು ದಪ್ಪ ಎಲೆ, ಮೇಲೆ ಸಣ್ಣ ರೋಮ ಬೇರೆ. ಬೆಂದ ಮೇಲೆ ಹಲ್ಲಿಗೆ ಚರ್ಮ ಸಿಕ್ಕ ಹಾಗೆ ಇರುತ್ತದೆ. ಎಣ್ಣೆಯಲ್ಲಿ ಇಳಿಸಿ ಸೋಸುವುದೇ ಸರಿ.

ಕುಕ್ಕರ್_ವೈನಿ:

30 ಜನರ ಲೆಕ್ಕ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. 8 ಇಂಚಿನ ದುಂಡು ಕೇಕ್ ಹತ್ತು ತುಂಡು, ಕಂಜೂಸಿ ಮಾಡಿದರೆ ಹನ್ನೆರಡು. ಅಂದರೆ ಮೂರು ಕೇಕ್, ಸಣ್ಣ ಓಟಿಜಿಯಲ್ಲಿ ಒಂದಾದ ಮೇಲೆ ಒಂದು, ನಡುವೆ ಕರೆಂಟ್ ಹೋದರೆ ಮುಗಿಯಿತು ಕಥೆ. ಅದರ ಬದಲು 9×13 ಇಂಚಿನ ಉದ್ದನೆಯ ಟ್ರೇ ತಗೋ. ಅದು ಎರಡು 8 ಇಂಚಿನ ಟಿನ್ನಿಗಿಂತ ತುಸು ಜಾಸ್ತಿಯೇ ಹಿಡಿಯುತ್ತದೆ. ಬೀದರ್ ಅಕ್ಕನ ಅಳತೆ ಎರಡು ಪಟ್ಟು ಮಾಡಿದರೆ ಸಾಕು, ಸ್ವಲ್ಪ ತೆಳ್ಳಗೆ ಬರುತ್ತದೆ, ಹಣ್ಣಿನ ಕೇಕಿಗೆ ಅದೇ ಒಳ್ಳೆಯದು. ಉದ್ದಕ್ಕೆ ಆರು, ಅಗಲಕ್ಕೆ ಐದು ಕೊಯ್ದರೆ ಸರಿಯಾಗಿ 30 ತುಂಡು. ಆಗ ದುಂಡು ಬಿಲ್ಲೆ ಬೇಡ, ಅನಾನಸ್‌ನ್ನು ಸಣ್ಣ ಹೋಳು ಮಾಡಿ ಒತ್ತಾಗಿ ಜೋಡಿಸು, ಎಲ್ಲ ತುಂಡಿಗೂ ಹಣ್ಣು ಬರುತ್ತದೆ. ಇಲ್ಲದಿದ್ದರೆ ಹುಡುಗರು "ನನಗೆ ಬಿಲ್ಲೆ ಬಂದಿಲ್ಲ" ಅಂತ ಜಗಳ ತೆಗೆಯುತ್ತಾರೆ, ನಮ್ಮ ಮನೆಯಲ್ಲಿ ನಡೆದದ್ದು.

ಆ ಟ್ರೇ ನಿನ್ನ ಓಟಿಜಿಗೆ ಹಿಡಿಯುವುದಿಲ್ಲ, ಗೊತ್ತು. ಬೇಕರಿಯ ಭಟ್ಟಿಗೆ ಒಯ್ಯಿ. ಹಬ್ಬಕ್ಕೆ ಮನೆಯ ಹಿಟ್ಟು, ತುಪ್ಪ ಒಯ್ದು ನಾನ್‌ಖಟಾಯಿ ಮಾಡಿಸಿಕೊಂಡು ಬರುವುದಿಲ್ವಾ, ಹಾಗೇ. ನಿಮ್ಮ ಓಣಿಯ ಭಟ್ಟಿಯವರನ್ನು ಎರಡು ದಿನ ಮೊದಲೇ ಕೇಳಿಕೋ. ಬ್ರೆಡ್ ಬೇಯುವ ಬಿಸಿಗೆ ಇಟ್ಟರೆ ಪಾಕ ಸೀದು ಕಹಿ ಆಗುತ್ತದೆ. ಬ್ರೆಡ್ ಮುಗಿದು ಬಿಸಿ ಇಳಿದ ಮೇಲೆ ಇಡಬೇಕು. ಅವರಿಗೆ 180 ಡಿಗ್ರಿ ಅಂದರೆ ನಕ್ಕಾರು, "ನಾನ್‌ಖಟಾಯಿ ಬಿಸಿ ಸಾಕು ಕಾಕಾ" ಅನ್ನು, ಅವರಿಗೆ ತಿಳಿಯುತ್ತದೆ. ಹಿಟ್ಟನ್ನು ಮಾತ್ರ ಮನೆಯಲ್ಲಿ ಕಲಸಿಕೊಂಡು ಹೋಗಬೇಡ. ಸೋಡಾ ಮೊಸರಿಗೆ ಬಿದ್ದ ಕ್ಷಣದಿಂದ ಗಾಳಿ ಬಿಡಲು ಶುರು ಮಾಡುತ್ತದೆ. ದಾರಿಯಲ್ಲೇ ಅರ್ಧ ಉಬ್ಬು ಹೋಗಿರುತ್ತದೆ. ಟ್ರೇಗೆ ಪಾಕ, ಹಣ್ಣು ಜೋಡಿಸಿಕೊಂಡು ಹೋಗು, ಒಣ ಹಿಟ್ಟು ಒಂದು ಡಬ್ಬಿ, ಮೊಸರು ಸಕ್ಕರೆ ಎಣ್ಣೆ ಒಂದು ಡಬ್ಬಿ. ಭಟ್ಟಿ ಮುಂದೆ ನಿಂತು ಬೆರೆಸು.

ಭಟ್ಟಿ ಸಿಗದಿದ್ದರೆ ಗ್ಯಾಸಿನ ಮೇಲೆ ಮಾಡಬಹುದು. ಹೆಸರು ನೋಡಿ ಕುಕ್ಕರ್ ಅಂತಾಳೆ ಅಂದುಕೊಳ್ಳಬೇಡ. ನೀರಿಲ್ಲದೆ ಕುಕ್ಕರ್ ಕಾಯಿಸಬೇಡಿ ಅಂತ ಬಹಳ ಕಂಪನಿಯವರು ಅವರ ಪುಸ್ತಕದಲ್ಲೇ ಬರೆದಿರುತ್ತಾರೆ. ಮುಚ್ಚಳ ಬಿಗಿಯಾಗುವ ದಪ್ಪ ಕಡಾಯಿ ಅಥವಾ ಹಳೆಯ ಅಲ್ಯೂಮಿನಿಯಂ ಡಬರಿ ಒಳ್ಳೆಯದು. ತಳಕ್ಕೆ ಒಂದು ಇಂಚು ಉಪ್ಪು, ಅದರ ಮೇಲೆ ಸ್ಟ್ಯಾಂಡ್, ಹತ್ತು ನಿಮಿಷ ಕಾಯಿಸಿ ಟಿನ್ ಇಡು, ಸಣ್ಣ ಉರಿ, 50 ನಿಮಿಷ. ಕುಕ್ಕರಿನಲ್ಲೇ ಮಾಡುವುದಾದರೆ ಸೀಟಿ, ರಬ್ಬರ್ ಎರಡೂ ತೆಗೆಯಲೇಬೇಕು. ಗ್ಯಾಸಿನ ಮೇಲೆ ಬಿಸಿ ಎಲ್ಲ ಕೆಳಗಿನಿಂದ ಬರುತ್ತದೆ, ಪಾಕ ಇರುವುದೂ ಕೆಳಗೆ. ಬೆಲ್ಲ ಸಕ್ಕರೆಗಿಂತ ಬೇಗ ಸೀಯುತ್ತದೆ. ಅದಕ್ಕೆ ಗ್ಯಾಸಿನ ಮೇಲಾದರೆ ಸಕ್ಕರೆ, ಭಟ್ಟಿಯಾದರೆ ಬೆಲ್ಲ. ಬೆಲ್ಲವನ್ನು ಒಂದು ಚಮಚ ನೀರಲ್ಲಿ ಕರಗಿಸಿ ಸೋಸಿಯೇ ಹಾಕು. ಮರಳು ಇದ್ದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ.

ಶಹಾಪುರ_ಮಾಸ್ತರ:

ಅಡುಗೆ ನನಗೆ ಬರುವುದಿಲ್ಲ, ತಿನ್ನಲು ಬರುತ್ತದೆ. ಮೊದಲು ಜೂನ್ 1ರ ಬಗ್ಗೆ: ಆ ತಾರೀಖು ಬರೆದ ಮಾಸ್ತರರ ಪರವಾಗಿ ನಾನು ಮಾತಾಡಬೇಕು. ತಂದೆ ತಾಯಿಗೆ ತಾರೀಖು ನೆನಪಿರುತ್ತಿರಲಿಲ್ಲ, ಶಾಲೆ ಜೂನ್‌ಗೆ ಶುರು, ಒಂದನೇ ತಾರೀಖು ಬರೆದರೆ ವಯಸ್ಸಿನ ಲೆಕ್ಕ ಸಲೀಸು. ಹೀಗೆ ಅರ್ಧ ಊರು ಒಂದೇ ದಿನ ಹುಟ್ಟಿತು.

ಕೇಕಿನ ಬಗ್ಗೆ ಓದಿದ್ದು ಹೇಳುತ್ತೇನೆ. ಹಣ್ಣು ತಳಕ್ಕಿಟ್ಟು ಬೋರಲು ಹಾಕುವ ಕೇಕ್ ಮೊದಲು ಸೇಬು, ಚೆರಿ ಹಾಕಿ ಕಬ್ಬಿಣದ ಬಾಣಲೆಯಲ್ಲಿ ಮಾಡುತ್ತಿದ್ದರು. ಎಲ್ಲರ ಮನೆಯಲ್ಲೂ ಓವನ್ ಇರಲಿಲ್ಲ. ಅನಾನಸ್ ಅದರೊಳಗೆ ಬಂದದ್ದು ಡಬ್ಬಿ ಹಣ್ಣು ಬಂದ ಮೇಲೆ. ಹವಾಯಿಯಲ್ಲಿ ಜೇಮ್ಸ್ ಡೋಲ್ ಅವರ ಅನಾನಸ್ ಕಂಪನಿ 1925ರಲ್ಲಿ ಒಂದು ಅಡುಗೆ ಸ್ಪರ್ಧೆ ಇಟ್ಟಿತು. ಸುಮಾರು 60,000 ಪಾಕವಿಧಾನ ಬಂದವಂತೆ, ಅದರಲ್ಲಿ 2,500 ಈ ಅಪ್‌ಸೈಡ್ ಡೌನ್ ಕೇಕೇ. ದುಂಡು ಬಿಲ್ಲೆ ಕೂಡ ಡಬ್ಬಿಯ ಆಕಾರಕ್ಕೆ ಬಂದದ್ದು, ಅನಾನಸ್ ಸಿಪ್ಪೆ ತೆಗೆದು ದಿಂಡು ಕೊರೆಯುವ ಯಂತ್ರ ಅಲ್ಲಿನ ಕಾರ್ಖಾನೆಯಲ್ಲಿ ಅದಕ್ಕೂ ಮೊದಲೇ ಬಂದಿತ್ತು. ಆದ್ದರಿಂದ ಹೋಳು ಮಾಡಿ ಹಾಕಿದರೆ ಏನೋ ತಪ್ಪಾಯಿತು ಅಂದುಕೊಳ್ಳಬೇಡಮ್ಮ, ಬಿಲ್ಲೆ ಶಾಸ್ತ್ರವಲ್ಲ, ಡಬ್ಬಿಯ ಅನುಕೂಲ.

ಕಲಬುರಗಿ_ಮೊಮ್ಮಗಳು:

ಮಾಸ್ತರರೇ, ಮುತ್ಯಾನಿಗೆ ಇದನ್ನು ಓದಿ ತೋರಿಸುತ್ತೇನೆ, ಅವರಿಗೆ ಬಹಳ ಖುಷಿ ಆಗುತ್ತದೆ.

ಭಟ್ಟಿಯವರನ್ನು ಕೇಳಿ ಬಂದೆ. ಮಧ್ಯಾಹ್ನ ಮೂರರ ಮೇಲೆ ಬಾ ಅಂದರು. ಹಾಗಾದರೆ 31ಕ್ಕೆ ಸಂಜೆ ಬೇಯಿಸಿ ಮರುದಿನ ಬೆಳಗ್ಗೆ ಊರಿಗೆ ಒಯ್ಯಬೇಕು. ಟ್ರೇಯಲ್ಲೇ ಬಿಟ್ಟು ಊರಲ್ಲಿ ಎಲ್ಲರ ಮುಂದೆ ಬೋರಲು ಹಾಕಲಾ? ನೋಡಲು ಮಜಾ ಇರುತ್ತದಲ್ವಾ.

ಬೀದರ್_ಅಡುಗೆಮನಿ:

ಬೇಡ ತಂಗಿ. ಈ ಕೇಕಿನಲ್ಲಿ ಟೈಮ್ ನೋಡಬೇಕಾದದ್ದು ಬೋರಲು ಹಾಕುವುದರಲ್ಲೇ. ಬೆಂದ ಕೂಡಲೇ ಹಾಕಿದರೆ ಒಡೆಯುತ್ತದೆ. ಪೂರ್ತಿ ಆರಿದ ಮೇಲೆ ಹಾಕಿದರೆ ಪಾಕ ಗಟ್ಟಿಯಾಗಿ ಹಣ್ಣನ್ನು ಹಿಡಿದುಕೊಂಡಿರುತ್ತದೆ, ಅರ್ಧ ಹಣ್ಣು ಟ್ರೇಯಲ್ಲೇ ಉಳಿಯುತ್ತದೆ. ಹೊರಗೆ ತೆಗೆದ 10 ರಿಂದ 15 ನಿಮಿಷದ ಒಳಗೆ ಮಾಡಬೇಕು. ಅಂದರೆ ಭಟ್ಟಿ ಹತ್ತಿರವೇ ಮಾಡು.

ಹೀಗೆ ಮಾಡು. ಮೊದಲೇ ತಳಕ್ಕೆ ಬಟರ್ ಪೇಪರ್ ಹಾಸಿರು. ಕಾಗದ ಎರಡು ಬದಿಯಲ್ಲಿ ಸ್ವಲ್ಪ ಮೇಲೆ ಬಂದಿರಲಿ. ಬೆಂದ ಮೇಲೆ ಅಂಚಿನ ಸುತ್ತ ಚಾಕು ಆಡಿಸು. ಟ್ರೇಗಿಂತ ದೊಡ್ಡದಾದ ಗಟ್ಟಿ ಹಲಗೆ ಬೇಕು, ಬೇಕರಿಯಲ್ಲಿ ಕೇಕಿನ ಕೆಳಗೆ ಇಡುವ ಬೋರ್ಡ್ ಕೇಳಿದರೆ ಕೊಡುತ್ತಾರೆ, ಅದರ ಕೆಳಗೆ ರೊಟ್ಟಿ ಮಣೆಯೋ ದೊಡ್ಡ ತಾಟೋ ಆಸರೆಗೆ. ಹಲಗೆಯನ್ನು ಟ್ರೇ ಮೇಲೆ ಮುಚ್ಚಿ, ಇಬ್ಬರು ಎರಡು ಕಡೆ ಬಟ್ಟೆ ಹಿಡಿದು, ಒಂದೇ ಸಲಕ್ಕೆ ತಿರುಗಿಸಿ. ನಿಧಾನ ಮಾಡಿದರೆ ಬಿಸಿ ಪಾಕ ಸಂದಿಯಿಂದ ಕೈ ಮೇಲೆ ಸುರಿಯುತ್ತದೆ, ಅದು ಸುಡುವುದು ನೀರಿಗಿಂತ ಜೋರು. ತಿರುಗಿಸಿದ ಮೇಲೆ ಟ್ರೇ ಎತ್ತಲು ಅವಸರ ಬೇಡ. ಒಂದೆರಡು ನಿಮಿಷ ಹಾಗೇ ಬಿಟ್ಟರೆ ಒಳಗೆ ಪಚ್ಚ್ ಅಂತ ಬಿಟ್ಟ ಸದ್ದು ಬರುತ್ತದೆ. ಆಮೇಲೆ ಎತ್ತು. ಒಂದೋ ಎರಡೋ ಹೋಳು ಕಾಗದಕ್ಕೆ ಅಂಟಿದ್ದರೆ ಚಮಚದಿಂದ ತೆಗೆದು ಅದರ ಜಾಗದಲ್ಲೇ ಕೂರಿಸು, ಪಾಕ ಬಿಸಿ ಇರುವವರೆಗೆ ಗೆರೆಯೂ ಕಾಣುವುದಿಲ್ಲ.

ರಾತ್ರಿ ಹೊರಗೆ ಇಡಬೇಡ. ಹಣ್ಣಿನ ತೇವ ಇದೆ, ಹೊರಗೆ 40 ಡಿಗ್ರಿ ಹತ್ತಿರ ಬಿಸಿ ಇದೆ, ಬೆಳಗ್ಗೆ ವಾಸನೆ ಬಂದಿರುತ್ತದೆ. ಪೂರ್ತಿ ಆರಿಸಿ, ಮುಚ್ಚಿ ಫ್ರಿಜ್‌ನಲ್ಲಿ ಇಡು. ಬೆಣ್ಣೆಯ ಕೇಕ್ ಫ್ರಿಜ್‌ನಲ್ಲಿ ಕಲ್ಲಾಗುತ್ತದೆ, ಇದು ಎಣ್ಣೆಯದು, ಮೆತ್ತಗೇ ಇರುತ್ತದೆ. ಒಯ್ಯುವಾಗ ಅದೇ ಟ್ರೇಯನ್ನು ತೊಳೆದು ಒರೆಸಿ ಕೇಕಿನ ಮೇಲೆ ಬೋರಲು ಮುಚ್ಚು, ಹಲಗೆ ಸಮೇತ ಒಂದು ಧೋತರದಲ್ಲಿ ಗಂಟು ಕಟ್ಟು. ಡಿಕ್ಕಿಯಲ್ಲಿ ಇಡಬೇಡ, ಅಲ್ಲಿ ಕುದಿಯುತ್ತದೆ. ಮುಂದಿನ ಸೀಟಿನ ಕೆಳಗೆ, ಎಸಿ ಗಾಳಿ ಬೀಳುವ ಕಡೆ.

ಬಿಸಿಲೂರು_ಯಾದಗಿರಿ:

ಎಲ್ಲ ಸರಿ, 30 ಜನರಲ್ಲಿ ಒಬ್ಬರಾದರೂ "ಮಾವಿನದು ಮಾಡಬೇಕಿತ್ತು" ಅಂತ ಹೇಳುತ್ತಾರೆ ನೋಡಿ.

ಕಲಬುರಗಿ_ಮೊಮ್ಮಗಳು:

ಅಣ್ಣಾ, ನಿಮ್ಮ ಸಲುವಾಗಿ ಬೇನಿಶಾನ್ ಹೋಳು ತಟ್ಟೆಯಲ್ಲಿ ಪಕ್ಕಕ್ಕೆ ಇಡುತ್ತೇನೆ, ಆಯ್ತಾ? ಟ್ರೇಗೆ ಅನಾನಸ್, ಬೆಲ್ಲ, ಅಜವಾನ ಎಲೆಯ ಎಣ್ಣೆ. ಎರಡು ಪಟ್ಟು ಹಿಟ್ಟು ಅಂದಮೇಲೆ ಎಲೆ ಆರು ಅಲ್ವಾ ಕಾಕಾ? ಮತ್ತೆ ಮೇಣದಬತ್ತಿ ಎಲ್ಲಿ ಚುಚ್ಚಲಿ? ಊದಿ ಆರಿಸುವುದು ಮುತ್ಯಾನಿಗೆ ಸೇರುವುದಿಲ್ಲ, ಆದರೆ ಹುಡುಗರು ಬಿಡುವುದಿಲ್ಲ.

ಲ್ಯಾಬ್_ಕಾಕಾ:

ಐದು ಹಾಕು. ದೊಡ್ಡಪತ್ರೆ ವಿಷಯದಲ್ಲಿ ಲೆಕ್ಕಕ್ಕಿಂತ ಒಂದು ಕಮ್ಮಿ ಇದ್ದರೆ ನಷ್ಟ ಇಲ್ಲ.

ಕುಕ್ಕರ್_ವೈನಿ:

ಮೇಣದಬತ್ತಿ ಹಣ್ಣಿಗೆ ಚುಚ್ಚಬೇಡ, ಜಾರಿ ಬೀಳುತ್ತದೆ. ಎರಡು ಹೋಳಿನ ಸಂದಿಯಲ್ಲಿ ಕೇಕಿಗೆ ಇಳಿಸು, ಮೇಣ ಪಾಕಕ್ಕೆ ಬಿದ್ದರೆ ತೆಗೆಯಲು ಬರುವುದಿಲ್ಲ, ಅದಕ್ಕೆ ಹಚ್ಚಿ ಹಾಡು ಮುಗಿಯುವವರೆಗೆ ಅಷ್ಟೇ. ಮುತ್ಯಾನ ಕೈಯಿಂದ ಪಕ್ಕದಲ್ಲಿ ಒಂದು ಸಮೆ ಹಚ್ಚಿಸಿ, ಬತ್ತಿ ಆರಿಸುವುದು ಹುಡುಗರ ಪಾಲಿಗೆ ಬಿಡು.

ಬಟರ್ ಪೇಪರ್ ತರುವಾಗ ಬೇಕಿಂಗಿಗೆ ಹಾಕುವುದೇ ಕೊಡಿ ಅಂತ ಕೇಳು. ಕೆಲವು ಅಂಗಡಿಯಲ್ಲಿ ಮೇಣ ಸವರಿದ ಕಾಗದ ಕೊಟ್ಟುಬಿಡುತ್ತಾರೆ, ಭಟ್ಟಿ ಬಿಸಿಗೆ ಅದು ಹೊಗೆಯಾಡುತ್ತದೆ.